ಖಾಲಿ ಜಾಗ ಇರುವ ಹಾಡು

ಕ್ರಂಪ್ ಕುಣಿತಕ್ಕೆ ಹಾಡು ಹುಡುಕಲು ಹೊರಟವರು ಮೊದಲು ಮಾಡುವ ಕೆಲಸ, ಜೋರಾಗಿರುವ ಹಾಡುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕುವುದು. ಕುಣಿತ ಅಷ್ಟು ರಭಸದ್ದು, ಹಾಡೂ ಅಷ್ಟೇ ರಭಸದ್ದಿರಬೇಕು ಎನ್ನುವುದು ಲೆಕ್ಕ. ಮೇಲುನೋಟಕ್ಕೆ ಸರಿಯಾದ ಲೆಕ್ಕವೇ. ಕಾಲಿನಿಂದ ನೆಲ ಗುದ್ದುವುದು, ಒಳಗಿನಿಂದ ಯಾರೋ ಒದ್ದ ಹಾಗೆ ಎದೆಯನ್ನು ಮುಂದಕ್ಕೆ ಎಸೆಯುವುದು, ಗಾಳಿಗೆ ಮುಷ್ಟಿ ಬೀಸಿ ನಡುದಾರಿಯಲ್ಲೇ ಅದನ್ನು ಹಿಡಿದು ನಿಲ್ಲಿಸುವುದು, ಹಲ್ಲು ಕಚ್ಚಿ ಮುಖ ಕಿವುಚುವುದು. ಹೊಸದಾಗಿ ನೋಡಿದವರು ಜಗಳ ಬಿಡಿಸಲು ಓಡಿಬರುತ್ತಾರೆ. ನಮ್ಮ ಬಡಾವಣೆಯಲ್ಲಿ ಒಮ್ಮೆ ಹಾಗೇ ಆಗಿದೆ. ಹಾಲಿನ ಬೂತಿನ ಯಜಮಾನರು ಕೋಲು ಹಿಡಿದೇ ಬಂದಿದ್ದರು.

ನಾನು ಕುಣಿಯುವವನಲ್ಲ. ಹದಿನಾಲ್ಕು ವರ್ಷ ಮದುವೆ, ಗಣಪತಿ, ರಾಜ್ಯೋತ್ಸವಗಳಿಗೆ ಸೌಂಡ್ ಬಾಕ್ಸುಗಳನ್ನು ಬಾಡಿಗೆಗೆ ಕೊಟ್ಟವನು. ಅಕ್ಕನ ಮಗ ಪಿಯುಸಿ ಮುಗಿಸಿದ ವರ್ಷ ‘ಮಾವ, ಭಾನುವಾರ ಒಂದು ಬಾಕ್ಸ್ ಸುಮ್ನೆ ಕೊಡ್ತೀಯಾ?’ ಎಂದು ಕೇಳಿದ. ಕೊಟ್ಟೆ. ಬಾಕ್ಸನ್ನು ಒಂಟಿಯಾಗಿ ಬಿಟ್ಟು ಬರುವ ಅಭ್ಯಾಸ ನನಗಿಲ್ಲ, ಹಾಗಾಗಿ ನಾನೂ ನಿಂತೆ. ಕೆಂಗೇರಿಯ ಆಚೆ, ನೀರಿನ ಟ್ಯಾಂಕಿನ ಕೆಳಗೆ, ಎಂಟು ಕಂಬಗಳ ನಡುವಿನ ಸಿಮೆಂಟ್ ನೆಲ. ಏಳೆಂಟು ಹುಡುಗರು, ಇಬ್ಬರು ಹುಡುಗಿಯರು. ಈಗ ನಾಲ್ಕು ವರ್ಷವಾಯಿತು. ಅಕ್ಕನ ಮಗನ ದೆಸೆಯಿಂದ ಅಷ್ಟೂ ಜನಕ್ಕೆ ನಾನು ‘ಮಾವ’. ಅವರು ಕುಣಿಯುತ್ತಾರೆ, ನಾನು ಹಾಡು ಹಾಕುತ್ತೇನೆ.

ಮೊದಮೊದಲು ಅವರು ತಂದ ಪೆನ್‌ಡ್ರೈವಿನಲ್ಲಿ ಸಿನಿಮಾ ಹಾಡುಗಳೇ ಹೆಚ್ಚಿದ್ದವು. ಹೀರೋ ಎಂಟ್ರಿ ಕೊಡುವ ಹಾಡುಗಳು. ನನ್ನ ಹೊಟ್ಟೆ ಹೊರೆದದ್ದೇ ಆ ಹಾಡುಗಳು, ಅವುಗಳ ಮೇಲೆ ನನಗೆ ದೂರಿಲ್ಲ. ಮೆರವಣಿಗೆಯಲ್ಲಿ ಇನ್ನೂರು ಜನ ಒಟ್ಟಿಗೆ ಎಗರಬೇಕಾದರೆ ಅವುಗಳ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಆದರೆ ಕ್ರಂಪ್‌ನಲ್ಲಿ ವೃತ್ತದ ಒಳಗೆ ಒಂದು ಸಲಕ್ಕೆ ಒಬ್ಬನೇ ಇಳಿಯುತ್ತಾನೆ. ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ ನಿಮಿಷ ಅವನದು. ಆ ಹಾಡಿನಲ್ಲಾದರೋ ಒಬ್ಬ ಮಹಾಪುರುಷ ಆಗಲೇ ಕೂತುಬಿಟ್ಟಿದ್ದಾನೆ. ಅವನ ಮೀಸೆ, ಅವನ ನಡಿಗೆ, ಅವನ ಊರು, ಅವನ ತಾಯಿ, ಎಲ್ಲದರ ವರ್ಣನೆ ಮುಗಿದಿದೆ. ಅಲ್ಲಿ ಹೋಗಿ ಕುಣಿದರೆ ಅವನ ಹಿಂದಿನ ಸಾಲಿನ ಹುಡುಗನಾಗುತ್ತೀರಿ, ಅಷ್ಟೆ. ಎಷ್ಟು ಚೆನ್ನಾಗಿ ಕುಣಿದರೂ ಸಂಭಾವನೆ ದಿನದ ಲೆಕ್ಕದಲ್ಲೇ.

ಆಮೇಲೆ ನಾನೊಂದು ಪರೀಕ್ಷೆ ಇಟ್ಟುಕೊಂಡೆ. ರಾತ್ರಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಹಾಡು ಕೇಳುವುದು. ಕೇಳಿ ಮುಗಿದಾಗ ಹೊಟ್ಟೆ ತುಂಬಿದ ಹಾಗನ್ನಿಸಿದರೆ ಆ ಹಾಡು ಕಾರಿಗೆ, ಮದುವೆ ಮನೆಗೆ. ಏನೋ ಕಡಿಮೆಯಾಗಿದೆ, ಯಾರೋ ಬರಬೇಕಿತ್ತು ಬರಲಿಲ್ಲ ಅನ್ನಿಸಿದರೆ ಅದು ಟ್ಯಾಂಕಿನ ಕೆಳಗೆ.

ಈ ‘ಕಡಿಮೆ’ಯನ್ನು ಸೌಂಡಿನವನ ಭಾಷೆಯಲ್ಲಿ ಹೇಳುತ್ತೇನೆ. ನಾನು ಇಟ್ಟುಕೊಂಡಿರುವ ಬೀಟ್‌ಗಳಲ್ಲಿ ಬಹುಪಾಲು ಕಂಪ್ಯೂಟರ್ ಲೆಕ್ಕದಲ್ಲಿ ನಿಮಿಷಕ್ಕೆ 140ರ ಆಸುಪಾಸು. ಆದರೆ ಮುಖ್ಯ ಪೆಟ್ಟುಗಳು ಬೀಳುವುದು ಅದರ ಅರ್ಧಕ್ಕೆ, ಅಂದರೆ 70ರಂತೆ. ಸಂಗೀತದ ಪಾಠಕ್ಕೆ ಹೋದವರಿಗೆ ಮೊದಲ ಕಾಲ, ಎರಡನೇ ಕಾಲ ಗೊತ್ತಿರುತ್ತದೆ. ಒಂದೇ ತಾಳದಲ್ಲಿ ಅದೇ ಪಾಠವನ್ನು ದುಪ್ಪಟ್ಟು ವೇಗದಲ್ಲಿ ಹಾಡುವುದು. ಇಲ್ಲಿ ಎರಡೂ ಕಾಲ ಒಟ್ಟಿಗೇ ಓಡುತ್ತಿರುತ್ತವೆ. ಕೆಳಗೆ ಆನೆ ನಡೆದ ಹಾಗೆ ಬೇಸು, ಮೇಲೆ ಸಣ್ಣಗೆ ಗೆಜ್ಜೆ ಉದುರಿದ ಹಾಗೆ ತಾಳದ ಚೂರುಗಳು. ಕುಣಿಯುವವರು ಬೇಸಿನ ಜೊತೆ ಕಾಲು ಗುದ್ದಬಹುದು, ಚೂರುಗಳ ಜೊತೆ ಎದೆ ನಡುಗಿಸಬಹುದು, ಅಥವಾ ಎರಡನ್ನೂ ಬಿಟ್ಟು ನಡುವಿನ ಮೌನದಲ್ಲಿ ನಿಂತು ಸುತ್ತಲಿದ್ದವರನ್ನು ದಿಟ್ಟಿಸಬಹುದು. ಆ ನಿಲ್ಲುವಿಕೆ ಬಹಳ ದೊಡ್ಡದು. ಒಂದು ಪೆಟ್ಟಿಗೂ ಮತ್ತೊಂದಕ್ಕೂ ನಡುವೆ ನಿಲ್ಲಲು ಜಾಗವೇ ಇಲ್ಲದ ಹಾಡಿನಲ್ಲಿ ಹುಡುಗರು ಓಡುತ್ತಾರೆ. ನಲವತ್ತು ಸೆಕೆಂಡಿಗೆ ಉಸಿರು ಕಟ್ಟಿ ಆಚೆ ಬರುತ್ತಾರೆ.

ಮಾತು ಇರಬಾರದೆಂದಲ್ಲ. ಕೂಗು ಇರಬಹುದು, ಒಂದೇ ಪದ ಮತ್ತೆಮತ್ತೆ ಬರಬಹುದು. ಕತೆ ಇರಬಾರದು. ಕತೆ ಹೇಳಲು ವೃತ್ತಕ್ಕಿಳಿದವನೇ ಇದ್ದಾನಲ್ಲ.

ಇದೇನೂ ನನ್ನ ಸ್ವಂತ ಬುದ್ಧಿಯ ಶೋಧವಲ್ಲ, ಆ ಕುಣಿತ ಹುಟ್ಟಿದ ರೀತಿಯಲ್ಲೇ ಇದೆ. ಲಾಸ್ ಏಂಜಲೀಸಿನ ದಕ್ಷಿಣ ಭಾಗದ ಕಪ್ಪು ಜನರ ಬಡಾವಣೆಗಳು. 1992ರ ಏಪ್ರಿಲ್‌ನಲ್ಲಿ, ರಾಡ್ನಿ ಕಿಂಗ್ ಎಂಬಾತನನ್ನು ಬಡಿದ ಪೊಲೀಸರು ಖುಲಾಸೆಯಾದಾಗ ಆ ಊರು ಹೊತ್ತಿ ಉರಿಯಿತು. ಅದೇ ವರ್ಷ ಥಾಮಸ್ ಜಾನ್ಸನ್ ಎಂಬುವರು ಮುಖಕ್ಕೆ ಬಣ್ಣ ಬಳಿದುಕೊಂಡು ‘ಟಾಮಿ ದ ಕ್ಲೌನ್’ ಆಗಿ ಮಕ್ಕಳ ಹುಟ್ಟುಹಬ್ಬಗಳಲ್ಲಿ ಕುಣಿಯತೊಡಗಿದರು. ಅವರ ಹಿಂದೆ ಹುಡುಗರ ದಂಡು ಬೆಳೆಯಿತು. ಗ್ಯಾಂಗುಗಳ ಕೈಗೆ ಸಿಗಬಹುದಾಗಿದ್ದ ಹುಡುಗರು ಕೋಡಂಗಿಗಳಾದರು. ಅದರೊಳಗಿದ್ದ ಕೆಲವರಿಗೆ ಹುಟ್ಟುಹಬ್ಬದ ನಗು ಸಾಲಲಿಲ್ಲ. 2000ದ ಹೊತ್ತಿಗೆ ಟೈಟ್ ಐಸ್, ಬಿಗ್ ಮಿಜೊ ಎಂಬ ಹೆಸರಿನ ಇಬ್ಬರು ಹುಡುಗರು ಬಣ್ಣ, ವಿಗ್ಗು ಬಿಟ್ಟು ಅದೇ ಕುಣಿತವನ್ನು ಬಿರುಸಾಗಿಸಿ ಬೇರೆಯೇ ಮಾಡಿದರು. ಅದೇ ಕ್ರಂಪ್. ಆ ಹೆಸರಿನ ಅಕ್ಷರಗಳನ್ನು ಬಿಡಿಸಿ ದೇವರ ಸ್ತುತಿಯ ಅರ್ಥ ಹೇಳುವುದೂ ಉಂಟು; ಅವರಲ್ಲಿ ಅನೇಕರಿಗೆ ಅದು ಪ್ರಾರ್ಥನೆಯೇ. ಡೇವಿಡ್ ಲಾಶಾಪೆಲ್ 2005ರಲ್ಲಿ ಈ ಹುಡುಗರ ಮೇಲೆ ‘ರೈಜ್’ ಎಂಬ ಸಾಕ್ಷ್ಯಚಿತ್ರ ಮಾಡಿದಾಗ, ಈ ದೃಶ್ಯಗಳ ವೇಗವನ್ನು ಎಲ್ಲೂ ಹೆಚ್ಚಿಸಿಲ್ಲ ಎಂದು ಮೊದಲಲ್ಲೇ ಬರೆದು ಹಾಕಬೇಕಾಯಿತು. ನೋಡಿದವರು ನಂಬುತ್ತಿರಲಿಲ್ಲ.

ಅವರೂ ಮೊದಲು ಕುಣಿದದ್ದು ಸುತ್ತಮುತ್ತ ಕೇಳಿಬರುತ್ತಿದ್ದ ಹಿಪ್‌ಹಾಪ್ ಹಾಡುಗಳಿಗೇ. ಕ್ರಮೇಣ ಈ ಕುಣಿತಕ್ಕೆಂದೇ ಮಾತಿಲ್ಲದ ಬೀಟ್‌ಗಳನ್ನು ಕಟ್ಟುವವರು ಹುಟ್ಟಿಕೊಂಡರು. ಕುಣಿತದ ಚರಿತ್ರೆಯಲ್ಲಿ ಇದು ಹೊಸದಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ನಡೆದ ಒಂದು ಪಾರ್ಟಿಯನ್ನು ಹಿಪ್‌ಹಾಪಿನ ಹುಟ್ಟು ಎಂದು ಎಣಿಸುತ್ತಾರೆ. ಅಲ್ಲಿ ಹಾಡು ಹಾಕುತ್ತಿದ್ದ ಡಿಜೆ ಕೂಲ್ ಹರ್ಕ್, ಜನ ಇಡೀ ಹಾಡಿಗೆ ಕುಣಿಯುವುದಿಲ್ಲ, ಹಾಡುಗಾರ ಸುಮ್ಮನಾಗಿ ಡ್ರಮ್ಮು ಮಾತ್ರ ಉಳಿಯುವ ಆ ಕೆಲವು ಸೆಕೆಂಡುಗಳಿಗೆ ಕಾಯುತ್ತಾರೆ ಎಂಬುದನ್ನು ಗಮನಿಸಿದ್ದರು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಂಡನ್ನೇ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಎಳೆದು ಉದ್ದ ಮಾಡಿದರು. ಹಾಡುಗಾರ ಸುಮ್ಮನಾದ ಜಾಗದಲ್ಲಿ ಒಂದು ಕುಣಿತವೇ ಬೆಳೆಯಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಆ ಬ್ರೇಕಿಂಗ್ ಸ್ಪರ್ಧೆಯೂ ಆಯಿತು. ಅಲ್ಲಿ ಹಾಡು ಆರಿಸಿದ್ದು ಡಿಜೆಗಳು, ತನ್ನ ಸರದಿಗೆ ಯಾವ ಹಾಡು ಬರುತ್ತದೆಂದು ಕುಣಿಯುವವರಿಗೆ ಮೊದಲೇ ಗೊತ್ತಿರಲಿಲ್ಲ. ಅದನ್ನು ನೋಡುವಾಗ ನನ್ನ ಕಣ್ಣೆಲ್ಲ ಆ ಡಿಜೆಗಳ ಕೈ ಮೇಲೆ. ನಮ್ಮ ಜಾತಿಯವರು ಟಿವಿಯಲ್ಲಿ ಬಂದ ಸಂಭ್ರಮ.

ಟ್ಯಾಂಕಿನ ಕೆಳಗೆ ನನ್ನ ನಿಯಮಗಳು ಬಹಳ ಇಲ್ಲ. ಮೊದಲ ಅರ್ಧ ಗಂಟೆ ಭಾರದ ಬೀಟ್ ಹಾಕುವುದಿಲ್ಲ; ತಣ್ಣಗಿರುವ ಮೈಯಲ್ಲಿ ನೆಲ ಗುದ್ದಿದರೆ ಮಂಡಿ ಹೋಗುತ್ತದೆ. ಒಬ್ಬರು ಒಳಗಿರುವಾಗ ಹಾಡು ಬದಲಿಸುವುದಿಲ್ಲ. ಹಾಡು ಮುಗಿಯುತ್ತ ಬಂದು ಅವರಿನ್ನೂ ಮುಗಿಸಿಲ್ಲವಾದರೆ ಕೊನೆಯ ತುಂಡನ್ನು ಸುತ್ತಿಸುತ್ತ ಇರುತ್ತೇನೆ, ಹಗ್ಗ ಸಡಿಲ ಬಿಡುವ ಹಾಗೆ. ಅವರು ಕೊನೆಯಲ್ಲಿ ಕೈಬೀಸಿ ಹೊರಬಂದ ಮೇಲೇ ಮುಂದಿನದು. ಒಬ್ಬೊಬ್ಬರಿಗೆ ಒಂದೊಂದು ಹಿಡಿಸುತ್ತದೆ. ನರ್ಸಿಂಗ್ ಓದುವ ಹುಡುಗಿಯೊಬ್ಬಳಿದ್ದಾಳೆ, ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನ ಮಲಗಿ ಎದ್ದು ಬರುತ್ತಾಳೆ. ಎಲ್ಲರಿಗಿಂತ ನಿಧಾನದ ಬೀಟ್ ಬೇಕು ಅವಳಿಗೆ. ಅವಳು ಕೈ ಎತ್ತುವುದನ್ನು ನೋಡಬೇಕು. ಏನನ್ನೋ ಹೊತ್ತು ತಂದು ಎಲ್ಲಿಡಲಿ ಎಂದು ಹುಡುಕುವ ಹಾಗಿರುತ್ತದೆ. ಅಕ್ಕನ ಮಗನಿಗೆ ತಾನು ಕಂಪ್ಯೂಟರಿನಲ್ಲಿ ಕಟ್ಟಿದ ಬೀಟೇ ಆಗಬೇಕು. ಅವು ಅಷ್ಟು ಚೆನ್ನಾಗಿರುವುದಿಲ್ಲ, ಬೇಸು ಜಾಸ್ತಿ. ಹೇಳಿದ್ದೇನೆ.

ಇನ್ನೊಬ್ಬ ಕೋಲಾರದ ಕಡೆಯ ಹುಡುಗ. ಹಗಲು ಊಟ ತಲುಪಿಸುವ ಕೆಲಸ, ಬೆನ್ನಿನ ಮೇಲೆ ಆ ಚೌಕದ ಚೀಲ. ಚೀಲ ಕಂಬಕ್ಕೆ ಒರಗಿಸಿಟ್ಟು ಒಳಗಿಳಿದನೆಂದರೆ ಉಳಿದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ನಮ್ಮಲ್ಲಿ ಅವನಷ್ಟು ತಾಳ ಬಲ್ಲವರು ಇನ್ನೊಬ್ಬರಿಲ್ಲ. ಪೆಟ್ಟು ಬೀಳುವುದಕ್ಕೆ ಕೂದಲೆಳೆಯಷ್ಟು ಮೊದಲು ಅವನ ಭುಜಕ್ಕೆ ಅದು ಗೊತ್ತಾಗಿರುತ್ತದೆ. ಎಲ್ಲಿ ಕಲಿತೆಯೋ ಎಂದರೆ ‘ಯಾವ್ದೂ ಕಲ್ತಿಲ್ಲ ಮಾವ, ಬಂದ್ಬುಡ್ತದೆ’ ಎನ್ನುತ್ತಿದ್ದ.

ಕಳೆದ ವರ್ಷ ಒಂದು ಕಾಲೇಜಿನ ಹಬ್ಬಕ್ಕೆ ಇವರಿಗೆ ಕರೆ ಬಂತು. ನಾಲ್ಕು ನಿಮಿಷದ ಕಾರ್ಯಕ್ರಮ, ಹೋಗಿಬರುವ ಖರ್ಚು, ಊಟ. ಸಂಘಟಕರು ಒಳ್ಳೆಯ ಹುಡುಗರೇ, ಸಾಹಿತ್ಯ ಓದಿಕೊಂಡವರು. ಅವರದ್ದೊಂದು ಬೇಡಿಕೆಯಿತ್ತು: ಪೂರ್ತಿ ವಿದೇಶಿ ಸಂಗೀತ ಬೇಡ, ನಮ್ಮ ನೆಲದ್ದೂ ಸೇರಿಸಿ, ತಮಟೆ ಹಾಕಿದರೆ ಎಷ್ಟು ಚೆನ್ನ! ತಾವೇ ಒಂದು ತಮಟೆಯ ಧ್ವನಿಮುದ್ರಣ ಹುಡುಕಿ ಕಳಿಸಿದರು. ಭಾನುವಾರ ಅದನ್ನು ಬಾಕ್ಸಿಗೆ ಹಾಕಿದೆ. ಟ್ಯಾಂಕಿನ ಕಂಬಗಳ ನಡುವೆ ಅದು ಹೇಗೆ ಎದ್ದಿತು ಅಂತೀರಿ! ಎರಡೇ ಕಡ್ಡಿ, ಒಂದು ದಪ್ಪ, ಒಂದು ಸಣ್ಣ. ನನ್ನ ಹತ್ತು ಸಾವಿರ ರೂಪಾಯಿಯ ಸಬ್‌ವೂಫರಿಗೆ ಬಾರದ ಕೆಲಸವನ್ನು ಆ ಚರ್ಮ ಮಾಡುತ್ತಿತ್ತು. ಅಕ್ಕನ ಮಗ ಆಗಲೇ ಕಾಲು ಗುದ್ದತೊಡಗಿದ್ದ. ನನ್ನ ಪರೀಕ್ಷೆಯ ಪ್ರಕಾರವೂ ಅದು ಪಾಸು: ಮಾತಿಲ್ಲ, ಕತೆಯಿಲ್ಲ, ನಡುವೆ ಬೇಕಾದಷ್ಟು ಜಾಗ.

ಕೋಲಾರದ ಹುಡುಗ ಕಂಬಕ್ಕೆ ಒರಗಿಕೊಂಡೇ ಇದ್ದ. ‘ನಿಲ್ಸು ಮಾವ’ ಎಂದ.

ನಿಲ್ಲಿಸಿದೆ.

‘ಇದು ಹೆಣದ ಪೆಟ್ಟು.’

ಯಾರಿಗೂ ಅರ್ಥವಾಗಲಿಲ್ಲ. ಅವನೇ ಹೇಳಿದ. ದೇವರ ಮುಂದೆ ಬಡಿಯುವ ಪೆಟ್ಟು ಬೇರೆ, ಮದುವೆಗೆ ಬೇರೆ, ಊರಿಗೆ ಸುದ್ದಿ ಸಾರುವುದಕ್ಕೆ ಬೇರೆ, ಹೆಣದ ಮುಂದೆ ಬೇರೆ. ಇದು ಹೆಣದ್ದು. ‘ನಮ್ಮ ತಾತ ಬಡೀತಿದ್ದ. ಊರಾಗೆ ಯಾರು ಸತ್ರೂ ರಾತ್ರಿ ಒಂದು ಗಂಟೆ ಆಗ್ಲಿ ಎರಡಾಗ್ಲಿ, ಬಂದು ಕರೆಯೋರು. ಕರೆಯೋರು ಅಂದ್ರೆ ಬೀದಿ ತುದೀಲಿ ನಿಂತ್ಕಂಡು ಕೂಗೋರು. ಒಳಕ್ಕೆ ಬರ್ತಿರ್ಲಿಲ್ಲ.’ ಇಷ್ಟನ್ನು ಹೇಳಿ ಚೀಲ ಏರಿಸಿಕೊಂಡು ಆರ್ಡರ್ ಬಂದಿದೆ ಎಂದು ಹೊರಟುಹೋದ. ಆರ್ಡರ್ ಬಂದಿತ್ತೋ ಇಲ್ಲವೋ.

ಒಂದೇ ಧ್ವನಿಮುದ್ರಣ. ಸಂಘಟಕರಿಗೆ ಅದರಲ್ಲಿ ಕೇಳಿಸಿದ್ದು ನೆಲದ ಸೊಗಡು. ನನಗೆ ಕೇಳಿಸಿದ್ದು ಮಧ್ಯಮ ಶ್ರೇಣಿಯ ಅದ್ಭುತ ಸ್ಪಷ್ಟತೆ. ಅವನಿಗೆ ಕೇಳಿಸಿದ್ದು ರಾತ್ರಿ ಒಂದು ಗಂಟೆಯ ಕೂಗು. ಹಾಡಿನಲ್ಲಿ ಖಾಲಿ ಜಾಗವಿದೆ ಎಂದುಕೊಂಡಿದ್ದೆನಲ್ಲ, ಅವನ ಪಾಲಿಗೆ ಆ ಜಾಗ ಭರ್ತಿಯಾಗಿತ್ತು.

ತಮಟೆಯ ಬಗ್ಗೆ ಪುಸ್ತಕ ಓದಿದವರಿಗೆ ಇದು ತಿಳಿಯದ ವಿಷಯವಲ್ಲ. ಕೇರಿಯ ಜನ ಊರಿನವರ ಸಾವಿಗೆ ತಮಟೆ ಬಡಿಯಲೇಬೇಕು ಎನ್ನುವುದು ಬಿಟ್ಟಿ ಚಾಕರಿಯ ಒಂದು ಭಾಗವಾಗಿತ್ತು. ದಲಿತ ಚಳವಳಿಯ ಕಾಲದಲ್ಲಿ ಎಷ್ಟೋ ಊರುಗಳಲ್ಲಿ ಇನ್ನು ಬಡಿಯುವುದಿಲ್ಲ ಎಂದು ಹೇಳಿದರು. ಹೇಳಿದ್ದಕ್ಕೆ ತೆರಬೇಕಾದ್ದನ್ನು ತೆತ್ತರು. ಅದೇ ಚಳವಳಿಯ ಹೋರಾಟದ ಹಾಡುಗಳ ಜೊತೆ ಅದೇ ತಮಟೆ ಮೊಳಗಿದ್ದೂ ನಿಜ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂದದ್ದೂ ನಿಜ. ಬಿಸಾಡಬೇಕಾದ ಹೊರೆ, ಎತ್ತಿ ಹಿಡಿಯಬೇಕಾದ ಕಲೆ, ಎರಡೂ ಒಂದೇ ಚರ್ಮದ ಮೇಲೆ. ಯಾವುದು ಯಾವಾಗ ಎಂದು ತೀರ್ಮಾನಿಸುವ ಹಕ್ಕು ನನ್ನಂಥ ಬಾಕ್ಸಿನವನಿಗಿಲ್ಲ, ಸೊಗಡು ಹುಡುಕಿಕೊಂಡು ಬಂದ ಸಂಘಟಕರಿಗಂತೂ ಇಲ್ಲ.

ಅವನ ಮನೆಯಲ್ಲಿ ಆ ತೀರ್ಮಾನವನ್ನು ಅಪ್ಪ ಮಾಡಿದ್ದರಂತೆ. ಮುಂದಿನ ವಾರ ಬಂದಾಗ ಹೇಳಿದ. ಅಪ್ಪ ಹತ್ತನೇ ತರಗತಿ ಪಾಸಾದ ವರ್ಷ ತಾತನ ಕೈಯಿಂದ ಕಡ್ಡಿ ಕಿತ್ತು ಒಲೆಗೆ ಹಾಕಿದ್ದರು. ತಮಟೆಯನ್ನು ತಾತ ಅಟ್ಟದ ಮೇಲೆ ಅಡಗಿಸಿಟ್ಟಿದ್ದ; ಇಲಿ ಕಡಿದು ಚರ್ಮ ಹರಿಯಿತು. ಕಾಯಿಸದೆ ಇಟ್ಟ ಚರ್ಮ ಮಳೆಗಾಲದಲ್ಲಿ ಮೆತ್ತಗಾಗಿ ಸತ್ತೇ ಹೋಗುತ್ತದೆ. ಬಡಿಯುವ ಮುಂಚೆ ಹುಲ್ಲಿನ ಬೆಂಕಿಗೋ ಕಾಗದದ ಬೆಂಕಿಗೋ ಹಿಡಿದು ಬಿಗಿ ಮಾಡಬೇಕು. ಇವೆಲ್ಲ ಅವನಿಗೆ ಗೊತ್ತು. ಒಂದು ದಿನವೂ ಬಡಿದವನಲ್ಲ.

ಕಾಲೇಜಿನವರಿಗೆ ಏನು ಹೇಳುವುದು ಎಂದು ಚರ್ಚೆ ನಡೆಯಿತು. ಅಕ್ಕನ ಮಗನ ವಾದ ಬೇರೆ. ‘ಆ ಪೆಟ್ಟಿಗೇ ಕುಣೀಬೇಕು ಮಾವ. ಅದನ್ನೇ ತಿರುಗಿಸಿ ಹೊಡೀಬೇಕು. ಕ್ರಂಪ್ ಇರೋದೇ ಅದಕ್ಕೆ ತಾನೆ?’ ಅವನು ಫೋನ್ ತೆಗೆದು ಒಂದು ವಿಡಿಯೋ ತೋರಿಸಿದ. ಪ್ಯಾರಿಸ್ಸಿನದು. ನಾನು ಆಗಲೇ ಹತ್ತಾರು ಸಲ ನೋಡಿದ್ದೆ, ಆದರೆ ಈ ಸಂದರ್ಭದಲ್ಲಿ ಅದನ್ನು ನೋಡಿರಲಿಲ್ಲ.

ಅದರ ಹಿನ್ನೆಲೆ ಹೇಳಬೇಕು. 1725ರಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳು ಕೆಲವರನ್ನು ಫ್ರಾನ್ಸಿಗೆ ಕರೆತಂದಿದ್ದರು. ಪ್ಯಾರಿಸ್ಸಿನ ರಂಗಮಂದಿರವೊಂದರಲ್ಲಿ ಅವರು ಕುಣಿದರು. ಅದನ್ನು ನೋಡಿದ ಸಂಗೀತಕಾರ ಜಾನ್-ಫಿಲಿಪ್ ರಾಮೊ ತಂತಿವಾದ್ಯ ಹಾರ್ಪ್ಸಿಕಾರ್ಡಿಗೆ ಒಂದು ಸಣ್ಣ ಕೃತಿ ಬರೆದ. ಹೆಸರು ‘ಲೆ ಸೊವಾಜ್’, ಅಂದರೆ ಕಾಡು ಜನ, ಅನಾಗರಿಕರು. 1736ರಲ್ಲಿ ತನ್ನ ‘ಲೆಸ್ ಆಂದ್ ಗಾಲಾಂತ್’ ಎಂಬ ಆಪೆರಾಕ್ಕೆ ಹೊಸ ಭಾಗವೊಂದನ್ನು ಸೇರಿಸುವಾಗ ಅದೇ ಧಾಟಿಯನ್ನು ಅಲ್ಲಿ ಬಳಸಿದ. ಶಾಂತಿಯ ಚಿಲುಮೆ ಸೇದುವ ಕುಣಿತಕ್ಕೆ. ಕುಣಿದವರ ಹೆಸರು ಹಾಡಿನಲ್ಲಿ ಉಳಿಯಲಿಲ್ಲ, ಅವರಿಗೆ ಕೊಟ್ಟ ಬಿರುದು ಉಳಿಯಿತು. 2017ರಲ್ಲಿ ಕ್ಲೆಮಾಂ ಕೊಜಿತೋರ್ ಎಂಬ ಚಿತ್ರನಿರ್ದೇಶಕ ಪ್ಯಾರಿಸ್ ಆಪೆರಾಕ್ಕಾಗಿ ಐದಾರು ನಿಮಿಷದ ಚಿತ್ರವೊಂದನ್ನು ಮಾಡಿದರು. ಆ ಹಾಡು, ಅದಕ್ಕೆ ಕ್ರಂಪ್ ಕುಣಿಯುವವರು. ನೃತ್ಯ ಸಂಯೋಜನೆಯಲ್ಲಿದ್ದವರು ಬಿಂತು ದೆಂಬೆಲೆ ಮತ್ತು ಅವರ ಜೊತೆಗಾರರು. 2019ರಲ್ಲಿ ಇಡೀ ಆಪೆರಾವನ್ನೇ ಬಾಸ್ತೀಯ್ ರಂಗಮಂದಿರದಲ್ಲಿ ಹಾಗೆ ಆಡಿಸಿದರು.

ಹಾಡು ಆರಿಸುವವನಾಗಿ ಹೇಳುತ್ತೇನೆ, ಅದು ನನ್ನ ಯಾವ ನಿಯಮಕ್ಕೂ ಸರಿಹೊಂದುವ ಹಾಡಲ್ಲ. ಬೇಸು ಇಲ್ಲ. ಮಾತಿದೆ, ಹಾಡುಗಾರರ ತಂಡವೇ ಇದೆ. ಮೂರು ಶತಮಾನದ ಹಳೆಯ ದರ್ಬಾರಿನ ಸಂಗೀತ. ಆದರೂ ಅದರ ತಾಳ ನೆಟ್ಟಗೆ ಎರಡೆರಡಾಗಿ ನಡೆಯುತ್ತದೆ, ಪಲ್ಲವಿ ತಿರುತಿರುಗಿ ಬರುತ್ತದೆ. ವೃತ್ತದೊಳಗಿದ್ದವರು ಒಮ್ಮೆ ತಪ್ಪಿಸಿಕೊಂಡರೂ ಮುಂದಿನ ಸುತ್ತಿನಲ್ಲಿ ಅದನ್ನು ಹಿಡಿಯಬಹುದು. ಒಬ್ಬರು ಎದೆ ಎಸೆದಾಗ ಸುತ್ತಲಿದ್ದವರು ಅವರ ಮೇಲೆ ಮುಗಿಬೀಳುವ ಹಾಗೆ ಬಾಗುತ್ತಾರೆ, ಮುಟ್ಟುವುದಿಲ್ಲ. ನೋಡುತ್ತ ನೋಡುತ್ತ ಆ ಹಾಡಿನ ಹೆಸರು ಮೈಮೇಲೆ ಬರುತ್ತದೆ. ಯಾರು ಯಾರನ್ನು ಅನಾಗರಿಕರೆಂದದ್ದು?

ಕೋಲಾರದ ಹುಡುಗ ಪೂರ್ತಿ ನೋಡಿದ. ಎರಡನೇ ಸಲ ಹಾಕಿಸಿ ನೋಡಿದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ‘ಈ ಹಾಡು ಆರ್ಸಿದ್ದು ಕುಣಿಯೋರಾ?’

ಅಲ್ಲ, ನಿರ್ದೇಶಕರು, ಎಂದೆ.

‘ಹಂಗಾದ್ರೆ ಸರಿ’ ಎಂದು ಫೋನು ವಾಪಸು ಕೊಟ್ಟ. ಅದು ಒಪ್ಪಿಗೆಯ ‘ಸರಿ’ ಅಲ್ಲ. ‘ನಮ್ಮ ಕಾಲೇಜಿನೋರ ಥರಾನೇ’ ಎನ್ನುವ ‘ಸರಿ’. ಅಕ್ಕನ ಮಗ ಬಿಡಲಿಲ್ಲ: ಆರಿಸಿದವರು ಯಾರಾದರೇನು, ಕುಣಿದವರು ಅದನ್ನು ತಮ್ಮದು ಮಾಡಿಕೊಂಡರಲ್ಲ! ಇಬ್ಬರೂ ಗಟ್ಟಿ ದನಿಯಲ್ಲಿ ಮಾತಾಡತೊಡಗಿದರು. ನರ್ಸಿಂಗ್ ಹುಡುಗಿ ನಡುವೆ ಬಂದು, ‘ತಮ್ಮದು ಮಾಡ್ಕೊಳ್ಳೋಕೆ ಅವರಿಗೆ ಮೊದ್ಲು ಅದು ಬೇರೆಯವರದ್ದಾಗಿತ್ತು. ಇವನಿಗೆ ಹಂಗಲ್ಲ, ಮೊದ್ಲೇ ಅವನದ್ದೇ’ ಎಂದಳು. ನಾನು ವಾರಗಟ್ಟಲೆ ತಲೆ ಕೆಡಿಸಿಕೊಂಡರೂ ಇಷ್ಟು ಸರಿಯಾಗಿ ಹೇಳುತ್ತಿರಲಿಲ್ಲ. ಫ್ರೆಂಚ್ ಹಾಡಿನ ಜೊತೆ ಆ ಕುಣಿಯುವವರ ಮನೆಯಲ್ಲಿ ಯಾರೂ ರಾತ್ರಿ ಎದ್ದು ಹೋಗಿರಲಿಲ್ಲ. ಅವಮಾನ ಹೆಸರಿನಲ್ಲಿತ್ತು, ಹೆಸರನ್ನು ಕುಣಿದು ತಿರುಗಿಸಬಹುದು. ತಾತನ ಪೆಟ್ಟಿನಲ್ಲಿ ಅವಮಾನ ಕೈಯ ಗಂಟಿನಲ್ಲಿದೆ, ಚಳಿಯಲ್ಲಿದೆ. ಅದಕ್ಕೆ ಕುಣಿಯುವುದು ಹೇಗೆ ಎಂದು ಅಕ್ಕನ ಮಗ ಸಿದ್ಧಾಂತ ಹೇಳಬಹುದು, ಮೈ ಒಪ್ಪಬೇಕಲ್ಲ.

ಕಾಲೇಜಿಗೆ ಹೋದದ್ದು ತಮಟೆಯಿಲ್ಲದೆ. ಅಕ್ಕನ ಮಗನ ಬೀಟೇ ಆಯಿತು. ಈ ಸಲ ಬೇಸು ಇಳಿಸಿದ್ದ. ಸಂಘಟಕರು ಸ್ವಲ್ಪ ಬೇಜಾರು ಮಾಡಿಕೊಂಡು ಕಾರ್ಯಕ್ರಮವನ್ನು ಮಧ್ಯಾಹ್ನದ ಊಟದ ಹೊತ್ತಿಗೆ ತಳ್ಳಿದರು. ನೋಡಿದವರು ಐವತ್ತು ಜನ ಇದ್ದಾರು. ಬಿಸಿಬೇಳೆಬಾತ್ ಚೆನ್ನಾಗಿತ್ತು.

ಅದಾದ ಮೇಲೆ ನಾನು ಹಾಡು ಆರಿಸುವ ರೀತಿಯಲ್ಲಿ ಒಂದು ಸಣ್ಣ ಬದಲಾವಣೆ ಬಂದಿದೆ. ಹೊಸ ಬೀಟ್ ಸಿಕ್ಕಿದರೆ ನೇರ ದೊಡ್ಡ ಬಾಕ್ಸಿಗೆ ಹಾಕುವುದಿಲ್ಲ. ಮೊದಲು ಫೋನಿನಲ್ಲಿ, ಸಣ್ಣ ದನಿಯಲ್ಲಿ, ಕೂತಿರುವಾಗ ಎಲ್ಲರಿಗೂ ಕೇಳಿಸುತ್ತೇನೆ. ಯಾರ ಮುಖದಲ್ಲಾದರೂ ಏನಾದರೂ ಹಾದುಹೋಯಿತೋ ನೋಡುತ್ತೇನೆ. ಕೆಲವೊಮ್ಮೆ ಹಾದುಹೋಗುತ್ತದೆ. ಒಬ್ಬನಿಗೆ ಒಂದು ಕೀಬೋರ್ಡಿನ ಸದ್ದು ಆಗುವುದಿಲ್ಲ, ಯಾಕೆಂದು ಹೇಳಿಲ್ಲ, ನಾನೂ ಕೇಳಿಲ್ಲ. ಅದು ಬರುವ ಮೂರು ಬೀಟ್‌ಗಳನ್ನು ತೆಗೆದಿಟ್ಟಿದ್ದೇನೆ.

ಯುಗಾದಿಗೆ ಊರಿಗೆ ಹೋಗಿಬಂದ ಕೋಲಾರದ ಹುಡುಗ ಒಂದು ಫೈಲ್ ಕಳಿಸಿದ. ನಲವತ್ತೊಂದು ಸೆಕೆಂಡು. ಫೋನಿನಲ್ಲಿ ಮುದ್ರಿಸಿದ್ದು. ಹಿಂದೆ ಕೋಳಿ, ಯಾವುದೋ ಮೋಟಾರು. ತಾತ ಬೆರಳಿನಿಂದ ಕಬ್ಬಿಣದ ಟ್ರಂಕಿನ ಮೇಲೆ ಬಡಿದದ್ದು. ಇವನು ಕೇಳಿದನೋ, ಮುದುಕ ತಾನಾಗಿ ಬಡಿದನೋ ಗೊತ್ತಿಲ್ಲ. ‘ಇದು ದೇವ್ರದ್ದೂ ಅಲ್ಲ, ಹೆಣದ್ದೂ ಅಲ್ಲ. ಸುಮ್ನೆ ಬಡಿದದ್ದು’ ಎಂದು ಕೆಳಗೆ ಬರೆದಿದ್ದ. ಜೊತೆಗೆ ಷರತ್ತು: ಟ್ಯಾಂಕಿನ ಕೆಳಗೆ ಮಾತ್ರ, ಯಾರೂ ವಿಡಿಯೋ ಮಾಡಬಾರದು, ಯಾರಿಗೂ ಕಳಿಸಬಾರದು.

ಅದನ್ನು ಕಂಪ್ಯೂಟರಿಗೆ ಹಾಕಿ ಸುತ್ತಿಸಲು ನೋಡಿದೆ. ಸುತ್ತುವುದಿಲ್ಲ. ಶುರುವಿನಲ್ಲಿ ನಿಮಿಷಕ್ಕೆ 76 ಇದ್ದದ್ದು ಕೊನೆಗೆ 90 ದಾಟುತ್ತದೆ. ಕೊನೆಯನ್ನು ಮೊದಲಿಗೆ ಜೋಡಿಸಿದರೆ ಎಡವುತ್ತದೆ. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲ ಪೆಟ್ಟುಗಳನ್ನೂ ಸಮ ಅಂತರಕ್ಕೆ ಎಳೆದು ನಿಲ್ಲಿಸುತ್ತದೆ. ಒತ್ತಲಿಲ್ಲ. ಕೋಳಿಯನ್ನೂ ತೆಗೆಯಲಿಲ್ಲ. ತಗಡಿನ ಕೀರಲು ಕಿವಿಗೆ ಚುಚ್ಚುತ್ತಿತ್ತು, ಅದನ್ನು ಒಂದಿಷ್ಟು ಇಳಿಸಿದೆ, ಅಷ್ಟೆ.

ಮೊದಲ ಸಲ ಹಾಕಿದ ದಿನ ಅವನು ಒಳಗೆ ಇಳಿಯಲಿಲ್ಲ. ನನ್ನ ಪಕ್ಕ ಬಂದು ವಾಲ್ಯೂಮಿನ ಗುಂಡಿಯ ಮೇಲೆ ತನ್ನ ಬೆರಳಿಟ್ಟುಕೊಂಡು ನಿಂತ. ಇಳಿದದ್ದು ನರ್ಸಿಂಗ್ ಹುಡುಗಿ. ಮೊದಲ ಹತ್ತು ಸೆಕೆಂಡು ಅವಳು ಏನೂ ಮಾಡಲಿಲ್ಲ, ತಲೆ ಬಗ್ಗಿಸಿ ಕೇಳಿದಳು. ಪೆಟ್ಟು ಬಿರುಸಾಗುತ್ತ ಹೋದ ಹಾಗೆ ಅವಳ ಮೊಣಕೈ ಎದ್ದಿತು, ಎದೆ ಎದ್ದಿತು, ಒಂದೇ ಒಂದು ಸಲ ನೆಲ ಗುದ್ದಿದಳು. ಅಷ್ಟರಲ್ಲಿ ಫೈಲಿನ ಕೊನೆ ಬಂತು. ಅಲ್ಲಿ ತಾತ ಕೆಮ್ಮುತ್ತಾನೆ, ‘ಸಾಕು ಬುಡ್ಲಾ’ ಎನ್ನುತ್ತಾನೆ. ಟ್ಯಾಂಕಿನ ಕಂಬಗಳಲ್ಲಿ ಆ ಮಾತು ಎರಡು ಸಲ ಕೇಳಿಸಿತು. ‘ಇನ್ನೊಂದು ಸಲ ಹಾಕು ಮಾವ’ ಎಂದಳು ಅವಳು. ನಾನು ಅವನ ಮುಖ ನೋಡಿದೆ. ಅವನು ಗುಂಡಿಯನ್ನು ಒಂದು ಗೆರೆ ಮೇಲಕ್ಕೆ ತಿರುಗಿಸಿದ.